‘ರಿವರ್ಟ್’ ಎಂಬ ಕ್ರಿಯಾಪದವೂ ನಮ್ಮ ಮನೆಯ ಗೋಳಿಬಜೆಯೂ

ಇಂಗ್ಲಿಷಿನಲ್ಲಿ ‘ರಿವರ್ಟ್’ ಎಂಬ ಕ್ರಿಯಾಪದವಿದೆ. ಹುಟ್ಟೂರು ಲ್ಯಾಟಿನ್. ‘ರೆ’ ಎಂದರೆ ಹಿಂದಕ್ಕೆ, ‘ವೆರ್ತೆರೆ’ ಎಂದರೆ ತಿರುಗು. ಮೊದಲಿದ್ದಲ್ಲಿಗೆ ಹಿಂತಿರುಗು ಎಂದು ಒಟ್ಟರ್ಥ. ತಲೆತಿರುಗುವುದಕ್ಕೆ ವೈದ್ಯರು ಹೇಳುವ ‘ವರ್ಟಿಗೋ’ ಕೂಡ ಇದೇ ಮನೆತನದ್ದು. ಈ ನಂಟು ನನಗೆ ಅನುಭವದಿಂದಲೇ ತಿಳಿಯಿತು.

ಮಳೆಗಾಲದಲ್ಲಿ ಬೆಂಗಳೂರು ಮೂಲದ ಒಂದು ಕುಟುಂಬ ನಮ್ಮ ಮಗಳನ್ನು ನೋಡಲು ಖಾರಘರದಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಿತ್ತು. ಹುಡುಗ ಫೈನಾನ್ಸಿನಲ್ಲಿದ್ದ. ಮಗಳಿಗೆ ಹಿಡಿಸಿದ. ಬಾಯಿಬಿಟ್ಟು ಹೇಳಲಿಲ್ಲ, ಅವರು ಹೋದ ಮೇಲೆ ಕಾಫಿ ಲೋಟಗಳನ್ನು ತಾನೇ ತೊಳೆದಳು. ನಮ್ಮ ಮನೆಯಲ್ಲಿ ಅದು ಸಣ್ಣ ಘಟನೆಯಲ್ಲ.

ಲಿಫ್ಟಿನ ಬಾಗಿಲಲ್ಲಿ ಹುಡುಗನ ತಂದೆ, “ಭಾನುವಾರದೊಳಗೆ ರಿವರ್ಟ್ ಮಾಡ್ತೀವಿ ಸಾರ್,” ಎಂದಿದ್ದರು.

ಪದಕ್ಕೆ ನಿಘಂಟಿನ ಅರ್ಥವೇ ಇರುತ್ತದೆಂದು ನಂಬಿ ಬದುಕಿದವನು ನಾನು. “ಭಾನುವಾರ ಪುನಃ ಬರ್ತಾರಂತೆ,” ಎಂದು ಹೆಂಡತಿಗೆ ಸಾರಿದೆ.

“ಹೌದಾ! ಅಷ್ಟು ಖುಷಿಯಾಯ್ತಾ ಅವ್ರಿಗೆ?” ಎಂದವಳು ಭಾನುವಾರ ಗೋಳಿಬಜೆಗೆ ಹಿಟ್ಟು ಕಲಸಿದಳು. ಹಿಟ್ಟು ಉಬ್ಬಿತು, ಹುಳಿಯಾಯಿತು. ಯಾರೂ ಬರಲಿಲ್ಲ.

“ಅಪ್ಪಾ, ಆಪ್ ಭೀ ನಾ! ರಿವರ್ಟ್ ಅಂದ್ರೆ ಬರೋದಲ್ಲ, ಜವಾಬ್ ಕೊಡೋದು,” ಎಂದಳು ಮಗಳು.

“ಹಾಗಾದ್ರೆ ಜವಾಬ್ ಎಲ್ಲುಂಟು ಮಾರಾಯ್ತಿ?” ಎಂದಳು ಹೆಂಡತಿ.

“ನಮ್ಮ ಆಫೀಸಲ್ಲಿ ರಿವರ್ಟ್ ಮಾಡ್ತೇವೆ ಅಂದ್ರೆ ಜವಾಬ್ ಕೊಡಲ್ಲ ಅಂತ.” ಮಗಳು ನಕ್ಕಳು. ಆದರೆ ಅಂದಿನಿಂದ ಅವಳ ಫೋನು ಊಟದ ತಟ್ಟೆಯ ಪಕ್ಕಕ್ಕೂ ಬಂದು ಕೂರತೊಡಗಿತು.

‘ಹಿಂತಿರುಗು’ ಎಂದಿದ್ದ ಪದ ‘ಉತ್ತರಿಸು’ ಎಂದಾಗಿ, ಕೊನೆಗೆ ‘ಉತ್ತರಿಸಬೇಡ’ ಎಂಬಲ್ಲಿಗೆ ಬಂದು ನಿಂತದ್ದು ಭಾಷೆಯ ಚರಿತ್ರೆಯಲ್ಲಿ ಮಹಾಸಾಧನೆಯೇ ಸರಿ. ‘ಇಲ್ಲ’ ಎನ್ನಲು ನಾಲಿಗೆ ಹೊರಳದ ಮಹನೀಯರಿಗೆಲ್ಲ ಇದೊಂದು ಕೊಡೆ. ಅದರ ಕೆಳಗೆ ಅವರು ನೆನೆಯದೆ ನಿಂತಿರುತ್ತಾರೆ, ನೆನೆಯುವವರು ನಾವು.

ದೀಪಾವಳಿ ಕಳೆದ ಮೇಲೆ ನನ್ನ ಫೋನು ಹೊಡೆದುಕೊಂಡಿತು. ಕಿವಿ ಮಂದವಾದ್ದರಿಂದ ನಾನು ಸ್ಪೀಕರಿನಲ್ಲೇ ಮಾತಾಡುವುದು, ಮನೆಯವರೆಲ್ಲ ಕೇಳಿಸಿಕೊಂಡರು.

“ಸಾರ್, ರಿವರ್ಟ್ ಮಾಡೋದು ಸ್ವಲ್ಪ ಲೇಟಾಯ್ತು. ಘೋಡಬಂದರ್ ರೋಡಲ್ಲಿ ಒಂದು ಸಂಬಂಧ ಬಂದಿತ್ತು, ಕೂಡಿಬರ್ಲಿಲ್ಲ. ಈಗ ಮತ್ತೆ ನಿಮ್ಮಲ್ಲಿಗೇ ಬರೋಣ ಅಂತ.”

ಅಂತೂ ಮಹಾಶಯರು ಆ ಕ್ರಿಯಾಪದವನ್ನು ಶುದ್ಧ ಲ್ಯಾಟಿನ್ ಅರ್ಥದಲ್ಲಿ ಬಳಸಿದ್ದರು. ಅಭಿನಂದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಫೋನು ಕಿತ್ತುಕೊಂಡಳು.

“ನಮಸ್ತೆ ಅಂಕಲ್. ಭಾನುವಾರದೊಳಗೆ ರಿವರ್ಟ್ ಮಾಡ್ತೇವೆ.”

ಕರೆ ಕತ್ತರಿಸಿ ಫೋನನ್ನು ನನ್ನ ಕೈಗಿಟ್ಟಳು. “ಅಮ್ಮಾ, ಇವತ್ತು ಗೋಳಿಬಜೆ ಮಾಡು. ನಮಗೇ.”