ರಾಜೀನಾಮೆಗೂ ಒಂದು ಉಪಚಾರ

ನಾನು ಶಾಲೆಗೆ ಹೋದದ್ದು ಆರನೇ ಕ್ಲಾಸಿನವರೆಗೆ. ಆದರೂ ಹೊಸದುರ್ಗದಲ್ಲಿ ನನ್ನನ್ನು ಎಲ್ಲರೂ ಮಾಸ್ಟ್ರು ಎಂದೇ ಕರೆಯುತ್ತಾರೆ. ಹೈಸ್ಕೂಲಿನ ಹೆಡ್‌ಮಾಸ್ಟರು ಪ್ಯಾಂಟು ಹೊಲಿಸಲು ಬಂದರೂ ‘ಏನ್ ಮಾಸ್ಟ್ರೇ’ ಎನ್ನುತ್ತಾರೆ, ನಾನು ‘ಬರ್ರಿ ಮಾಸ್ಟ್ರೇ’ ಎನ್ನುತ್ತೇನೆ. ಆ ಹೆಸರಿಗಾಗಿ ಅವರು ವರ್ಷಗಟ್ಟಲೆ ಓದಿದರು, ನಾನು ಕತ್ತರಿ ಹಿಡಿದೆ. ಇದನ್ನು ಸೊಕ್ಕು ಎಂದು ತಿಳಿದುಕೊಳ್ಳುವವರು ತಿಳಿದುಕೊಳ್ಳಲಿ. ಸೊಕ್ಕೇ ಸರಿ, ಆದರೆ ದುಡಿದು ಗಳಿಸಿದ್ದು.

ಶಾಲೆ ಬಿಟ್ಟರೂ ಪೇಪರು ಬಿಟ್ಟಿಲ್ಲ. ಟೈಲರಿಗೆ ಹಳೆ ಪೇಪರು ಬೇಕೇ ಬೇಕು. ಕಾಲರು, ತೋಳು, ಜೇಬುಗಳನ್ನು ಮೊದಲು ಪೇಪರಿನಲ್ಲಿ ಕತ್ತರಿಸಿ ನೋಡಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕುವುದು ನನ್ನ ಪದ್ಧತಿ. ಹಾಗಾಗಿ ಲೋಕದ ಸುದ್ದಿ ನನಗೆ ವಾರ ತಡವಾಗಿ, ಅದೂ ಕಾಲರಿನ ಆಕಾರದಲ್ಲಿ ತಲುಪುತ್ತದೆ. ಎಷ್ಟೋ ಯುದ್ಧಗಳು ಹೇಗೆ ಮುಗಿದವು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅವು ಕಂಕುಳಿನ ತಿರುವಿನಲ್ಲಿ ಕತ್ತರಿಸಿ ಹೋಗಿವೆ.

1997ರ ಬೇಸಿಗೆಯಲ್ಲಿ ಹೀಗೇ ಒಂದು ಕಾಲರು ಕತ್ತರಿಸುತ್ತಿದ್ದೆ. ಕತ್ತರಿಯ ಬಾಯಿಗೆ ಒಂದು ಫೋಟೋ ಬಂತು. ಒಬ್ಬ ಕೋಟು ತೊಟ್ಟ ಮನುಷ್ಯ ಒಂದು ಬಾಗಿಲ ಮುಂದೆ ನಿಂತಿದ್ದ. ನಾನು ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಭುಜವನ್ನು. ಒಂದೂ ಸುಕ್ಕಿಲ್ಲದೆ ಕೂತ ಭುಜ. ಇಂಥ ಭುಜ ಕಂಡ ಮೇಲೆ ಕತ್ತರಿ ಆಡಿಸುವುದು ಪಾಪ ಎಂದು ನಿಲ್ಲಿಸಿ, ಕೆಳಗಿನ ಸುದ್ದಿ ಓದಿದೆ. ಬ್ರಿಟನ್ನಿನಲ್ಲಿ ಚುನಾವಣೆ ಆಗಿ ಆಳುವ ಪಕ್ಷ ಸೋತಿತ್ತು. ಈತ ಅಲ್ಲಿಯವರೆಗೆ ಪ್ರಧಾನಿ. ಮರುದಿನ ಬೆಳಿಗ್ಗೆ ಮನೆ ಮುಂದೆ ನಿಂತು, ಪ್ರಧಾನಿ ಪದವಿಯ ಜೊತೆಗೆ ಪಕ್ಷದ ನಾಯಕತ್ವವನ್ನೂ ಬಿಡುತ್ತೇನೆ ಎಂದು ಹೇಳಿ, ಮಧ್ಯಾಹ್ನ ಕ್ರಿಕೆಟ್ ನೋಡಲು ಹೋದನಂತೆ.

ಆ ಹೊತ್ತಿಗೆ ಅಂಗಡಿಯಲ್ಲಿ ಇಬ್ಬರಿದ್ದರು. ಒಬ್ಬ ತಿಪ್ಪೇಸ್ವಾಮಿ. ನನ್ನ ಹತ್ತಿರವೇ ಕಟಿಂಗ್ ಕಲಿತು, ಬಸ್‌ಸ್ಟ್ಯಾಂಡ್ ಎದುರು ಸ್ವಂತ ಅಂಗಡಿ ಮಾಡಿದವನು. ಇನ್ನೊಬ್ಬರು ಬಾಷಾ, ನಮ್ಮ ಟೈಲರುಗಳ ಸಂಘದ ಕಾರ್ಯದರ್ಶಿ. ಅಧ್ಯಕ್ಷ ನಾನು, ಸಂಘ ಹುಟ್ಟಿದಾಗಿನಿಂದ, ಹನ್ನೊಂದು ವರ್ಷ. ಚುನಾವಣೆ ಎಂಬ ಗೊಡವೆ ಇರಲಿಲ್ಲ. ಸಂಘದ ಕೋಣೆಯಲ್ಲಿ ಕೈ ಇರುವ ಕುರ್ಚಿ ಒಂದೇ, ಅದನ್ನು ಮಾಡಿಸಿಕೊಟ್ಟವನು ನಾನೇ. ಹಾಗಾಗಿ ಕೂರುವವನೂ ನಾನೇ.

ಇಬ್ಬರಿಗೂ ಸುದ್ದಿ ಓದಿ ಹೇಳಿದೆ.

‘ಯಾರೂ ಬ್ಯಾಡ ಅನ್ನಲಿಲ್ವಾ ಮಾಸ್ಟ್ರೇ?’ ಎಂದ ತಿಪ್ಪೇಸ್ವಾಮಿ.

‘ಅಂಗಂತ ಬರೆದಿಲ್ಲಪ್ಪ.’

‘ಅಂದೇ ಇರ್ತಾರೆ. ಆ ಸಾಲು ನೀವು ಕತ್ತರಿಸಿರ್ತೀರಿ.’

ನೆಲದ ಮೇಲೆ ಬಿದ್ದ ಚೂರುಗಳನ್ನೆಲ್ಲ ಮೂವರೂ ಹುಡುಕಿದೆವು. ಯಾರಾದರೂ ಬ್ಯಾಡ ಅಂದ ಚೂರು ಸಿಗಲಿಲ್ಲ. ಒಂದು ಹಲ್ಲುಪುಡಿಯ ಜಾಹೀರಾತು ಸಿಕ್ಕಿತು.

ತಿಪ್ಪೇಸ್ವಾಮಿಗೆ ಆಶ್ಚರ್ಯ ಆದದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಯಾರೂ ಮೊದಲ ‘ಬ್ಯಾಡ’ವನ್ನು ನಂಬುವುದಿಲ್ಲ. ಊಟಕ್ಕೆ ಕೂತವನು ಎರಡನೇ ಮುದ್ದೆ ಕಂಡು ‘ಬ್ಯಾಡ’ ಎಂದರೆ ‘ಸ್ವಲ್ಪ ತಡೆದು ಹಾಕಿ’ ಎಂದರ್ಥ. ಇನ್ನೊಮ್ಮೆ ‘ಬ್ಯಾಡ್ರೀ’ ಎಂದು ರಾಗ ಎಳೆದರೆ ‘ಸಾರೂ ಬರಲಿ’ ಎಂದರ್ಥ. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಮೂರನೇ ಸಲ ಅಂದರೆ ಮಾತ್ರ ಬಡಿಸುವವರು ಯೋಚನೆ ಮಾಡುತ್ತಾರೆ. ಆಗಲೂ ಬೆರಳ ಸಂದಿಯಲ್ಲಿ ಒಂದು ಚೂರು ಬೀಳಿಸಿಯೇ ಮುಂದೆ ಹೋಗುವುದು. ಇದಕ್ಕೆ ಉಪಚಾರ ಎಂದು ಹೆಸರು. ಮೊದಲ ‘ಬ್ಯಾಡ’ಕ್ಕೇ ಸುಮ್ಮನಾದ ಮನೆಯ ಬಗ್ಗೆ ನೆಂಟರು ಎರಡು ತಲೆಮಾರು ಮಾತಾಡುತ್ತಾರೆ.

ಹೊರಡುವುದೂ ಹಾಗೆಯೇ. ಹೋಗುವವನು ‘ಹೋಗ್ತೀನಿ’ ಎನ್ನುವ ಹಾಗಿಲ್ಲ, ‘ಬರ್ತೀನಿ’ ಎನ್ನಬೇಕು. ಹೋಗುವಾಗ ಬರುತ್ತೇನೆ ಎನ್ನುವ ಭಾಷೆಯಲ್ಲಿ ಅಧಿಕಾರ ಬಿಟ್ಟು ಹೋಗುವುದಾದರೂ ಹೇಗೆ? ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಿರಾಕಿಯೊಬ್ಬರು ಸೊಂಟದ ಅಳತೆ ಕೊಡುತ್ತಾ ಒಮ್ಮೆ ಹೇಳಿದ್ದರು, ರಾಜೀನಾಮೆ ಎಂಬ ಮಾತಿನಲ್ಲಿ ಇರುವುದೇ ‘ರಾಜಿ’ ಎಂದು. ಅಂದರೆ ಅದು ಹೋಗುವ ಕಾಗದ ಅಲ್ಲ, ಮಾತುಕತೆಗೆ ಕೂರುವ ಕಾಗದ. ಇದು ಇಂಗ್ಲೆಂಡಿನವರಿಗೆ ಗೊತ್ತಿದ್ದಂತಿಲ್ಲ. ಸೀದಾ ಹೋಗಿಬಿಡುತ್ತಾರೆ.

ಇಷ್ಟೆಲ್ಲ ತಿಳಿದವನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. ಆ ಭುಜ ನನ್ನ ತಲೆ ಕೆಡಿಸಿತ್ತು. ಬಂದ ಗಿರಾಕಿಗೆಲ್ಲ ಎದೆ ಸುತ್ತಳತೆ ತೆಗೆಯುತ್ತಾ, ‘ನಾಯಕ ಅಂದ್ರೆ ಅವನು. ಸೋತ, ಎದ್ದ, ಹೋದ’ ಎಂದು ಭಾಷಣ ಮಾಡಿದೆ. ಟೇಪು ಕುತ್ತಿಗೆಗೆ ಸುತ್ತಿರುವಾಗ ಯಾರೂ ಎದುರು ಮಾತಾಡುವುದಿಲ್ಲ. ಎರಡು ತಿಂಗಳಲ್ಲಿ ಊರಿನ ಅರ್ಧ ಗಂಡಸರಿಗೆ ಇಂಗ್ಲೆಂಡಿನ ಸೋತ ಪಕ್ಷದ ವಿಚಾರ ಬಾಯಿಪಾಠ ಆಗಿತ್ತು. ಅಲ್ಲಿ ಹೊಸ ನಾಯಕನೂ ಬಂದಿದ್ದ. ಚಿಕ್ಕ ವಯಸ್ಸು, ತಲೆ ಮಾತ್ರ ಬೋಳು. ಕೋಟು ಪರವಾಗಿರಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಟೈಲರಿಗೆ ಕೆಲಸ ಇಲ್ಲ. ಆದ್ದರಿಂದ ಪ್ರತಿ ಆಷಾಢದಲ್ಲಿ ನಮಗೂ ಹೊಳಲ್ಕೆರೆ ಟೈಲರುಗಳಿಗೂ ಕ್ರಿಕೆಟ್. ಗೆದ್ದವರಿಗೆ ಒಂದು ಹಿತ್ತಾಳೆ ಕತ್ತರಿ. ಅದು ನಾಲ್ಕು ವರ್ಷದಿಂದ ನಮ್ಮ ಸಂಘದ ಗೋಡೆ ಮೇಲಿತ್ತು. ಕ್ಯಾಪ್ಟನ್ ಯಾರು ಎಂದು ಕೇಳಬೇಡಿ. ಕುರ್ಚಿಯ ಜೊತೆ ಅದೂ ಬಂದಿತ್ತು.

ಟೈಲರುಗಳ ಕ್ರಿಕೆಟ್ ನೋಡುವಂಥದ್ದು. ನಮಗೆ ಬಗ್ಗುವುದು ಅಭ್ಯಾಸ, ಏಳುವುದು ಕಷ್ಟ. ಚೆಂಡು ಬಂದರೆ ಕೈಗಿಂತ ಮೊದಲು ಕಾಲು ಹೋಗುತ್ತದೆ, ಮಿಷನ್ ತುಳಿದ ಕಾಲು. ಅವತ್ತು ಮೊದಲು ಆಡಿದ ಹೊಳಲ್ಕೆರೆಯವರು ಮನಸ್ಸಿಗೆ ಬಂದಷ್ಟು ಹೊಡೆದರು. ನಮ್ಮ ಕಡೆ ಒಬ್ಬೊಬ್ಬರೇ ಹೋಗಿ ಬಂದು, ಕೊನೆಗೆ ಉಳಿದ ಆಸೆ ಎಂದರೆ ನಾನು ಮತ್ತು ತಿಪ್ಪೇಸ್ವಾಮಿ. ಅವನು ನಿಜಕ್ಕೂ ಚೆನ್ನಾಗಿ ಆಡುತ್ತಿದ್ದ. ನಾನು ಒಂದು ಚೆಂಡನ್ನು ಮೆಲ್ಲಗೆ ತಳ್ಳಿದೆ. ಎದುರಿನಿಂದ ಅವನು ಎರಡು ಹೆಜ್ಜೆ ಬಂದ. ನಾನು ‘ಬ್ಯಾಡ’ ಎಂದು ಕೂಗಿದೆ. ಅವನು ಇನ್ನೂ ನಾಲ್ಕು ಹೆಜ್ಜೆ ಬಂದ. ‘ಬ್ಯಾಡ್ರೀ ಸ್ವಾಮಿ’ ಎಂದೆ. ಅವನು ಓಡಿಯೇ ಬಂದುಬಿಟ್ಟ. ಇಬ್ಬರೂ ಒಂದೇ ಕಡೆ ನಿಂತು, ಆ ಕಡೆಯ ಗೂಟ ಬೀಳುವುದನ್ನು ನೋಡಿದೆವು.

‘ಬ್ಯಾಡ ಅಂದೆನಲ್ಲೋ ಲೇ.’

‘ಎರಡೇ ಸಲ ಅಂದ್ರಿ ಮಾಸ್ಟ್ರೇ. ಬಾ ಅಂತಿದೀರಿ ಅನ್ಕಂಡೆ.’

ಹಿತ್ತಾಳೆ ಕತ್ತರಿ ಬಸ್ಸು ಹತ್ತಿ ಹೊಳಲ್ಕೆರೆಗೆ ಹೋಯಿತು.

ಆ ಭಾನುವಾರ ಸಂಘದ ಸಭೆ. ಗೋಡೆಯ ಮೇಲೆ ಕತ್ತರಿ ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಎಲ್ಲರೂ ಅದನ್ನು ನೋಡಿ ಆಮೇಲೆ ನನ್ನನ್ನು ನೋಡುತ್ತಿದ್ದರು. ಎರಡು ತಿಂಗಳು ನಾನು ಮಾಡಿದ ಭಾಷಣ ಅವರಿಗೂ ನೆನಪಿತ್ತು, ನನಗೂ ನೆನಪಿತ್ತು. ಎದ್ದೆ. ಭುಜ ನೇರ ಮಾಡಿದೆ. ‘ಈ ಸೋಲು ನಂದು. ಇವತ್ತಿಗೆ ಅಧ್ಯಕ್ಷಗಿರಿಗೆ ರಾಜೀನಾಮೆ ಕೊಡ್ತಿದೀನಿ’ ಎಂದೆ.

ಹೇಳಿ, ಕಾದೆ. ನನ್ನ ಲೆಕ್ಕ ಸರಳವಾಗಿತ್ತು. ಮೊದಲು ಬಾಷಾ ‘ಬ್ಯಾಡ್ರಿ’ ಎನ್ನಬೇಕು. ನಾನು ತಲೆ ಆಡಿಸಬೇಕು. ಆಮೇಲೆ ತಿಪ್ಪೇಸ್ವಾಮಿ ಎದ್ದು ‘ನೀವಿಲ್ದೆ ಸಂಘ ಐತಾ’ ಎನ್ನಬೇಕು. ನಾನು ಕಿಟಕಿಯ ಕಡೆ ನೋಡಬೇಕು. ಮೂರನೇ ಸಲಕ್ಕೆ ಎಲ್ಲರೂ ಸೇರಿ ಹೆಗಲು ಒತ್ತಿ ಕೂರಿಸಬೇಕು.

ಬಾಷಾ ಸಭೆಯ ಪುಸ್ತಕ ತೆರೆದರು. ಪೆನ್ನಿನ ಮುಚ್ಚಳ ತೆಗೆದರು. ‘ರಾಜೀನಾಮೆ, ಜಿ ದೀರ್ಘನಾ ಮಾಸ್ಟ್ರೇ?’ ಎಂದು ಕೇಳಿದರು.

‘ದೀರ್ಘ’ ಎಂದೆ. ಗೊತ್ತಿದ್ದದ್ದನ್ನು ಹೇಳದೆ ಇರುವ ಅಭ್ಯಾಸ ನನಗಿಲ್ಲ.

ಆಮೇಲೆ ತಿಪ್ಪೇಸ್ವಾಮಿ ಎದ್ದ. ಅವನ ಕಣ್ಣು ಒದ್ದೆಯಾಗಿತ್ತು. ಇನ್ನೇನು ಬಂತು ಎಂದುಕೊಂಡೆ. ‘ಮಾಸ್ಟ್ರು ಬ್ಯಾಡ ಅಂದಾಗ ನಾನು ನಂಬಲಿಲ್ಲ. ಅದಕ್ಕೇ ಮ್ಯಾಚ್ ಹೋತು. ಅವರ ಮಾತು ಅಂದ್ರೆ ಮಾತು ಅಂತ ನಂಗೆ ಅವತ್ತು ಗೊತ್ತಾತು. ಇವತ್ತು ನಾವು ಇರ್ರಿ ಇರ್ರಿ ಅಂತ ಅವರನ್ನ ಎಳೆದಾಡಿದ್ರೆ ಅವರಿಗೆ ಅವಮಾನ ಮಾಡ್ದಂಗೆ’ ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಭಾಷಣ ಇಷ್ಟು ಚೆನ್ನಾಗಿ ನಾಟಿದ್ದು ಅದೇ ಮೊದಲು, ಅದೇ ಕೊನೆ. ‘ಬರ್ತೀನಿ’ ಎಂದು ಹೊರಗೆ ಬಂದೆ. ಬಾಗಿಲಲ್ಲಿ ಚಪ್ಪಲಿಯ ಒಂದು ಕಾಲು ಯಾರದೋ ಬಂದಿತ್ತು, ಬದಲಾಯಿಸಲು ತಿರುಗಿದೆ. ಅಷ್ಟರಲ್ಲಿ ತಿಪ್ಪೇಸ್ವಾಮಿ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಕುರ್ಚಿ ದೊಡ್ಡದಾಗಿತ್ತು. ನಾನು ಅದನ್ನು ನನ್ನ ಅಳತೆಗೆ ಮಾಡಿಸಿದ್ದು.

ಮನೆಗೆ ಬಂದು ಊಟಕ್ಕೆ ಕೂತೆ. ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಹೆಂಡತಿ ಸರೋಜ ಎರಡನೇ ಮುದ್ದೆ ತಂದಳು. ನಾನು ಮುಖ ತಿರುಗಿಸಿ ‘ಬ್ಯಾಡ’ ಎಂದೆ. ಅವಳು ವಾಪಸ್ ತಗೊಂಡು ಹೋದಳು.

‘ಯಾಕೆ?’ ಎಂದೆ.

‘ನಿಮ್ಮ ಮಾತು ಅಂದ್ರೆ ಮಾತಂತೆ. ಊರೆಲ್ಲ ಹೇಳ್ತಾ ಐತೆ.’

ಅವತ್ತು ನಾನು ಕಳೆದುಕೊಂಡದ್ದು ಕುರ್ಚಿ ಎಂದು ಜನ ತಿಳಿದರು. ನಿಜ ಹೇಳಲೇ? ಕುರ್ಚಿ ಮುಳ್ಳಿನಂತೆ ಚುಚ್ಚುತ್ತಿತ್ತು, ಒಂದು ಮೊಳೆ ಮೇಲೆದ್ದಿತ್ತು. ನನಗೆ ತಡೆಯಲಾಗದೆ ಹೋದದ್ದು ಒಬ್ಬರೂ ಒಂದು ಸಲವೂ ‘ಬ್ಯಾಡ್ರಿ’ ಎನ್ನಲಿಲ್ಲವಲ್ಲ ಎಂಬುದು. ಹನ್ನೊಂದು ವರ್ಷ ದುಡಿದವನಿಗೆ ಒಂದು ಉಪಚಾರ ಬೇಡವೇ? ಆ ಹಸಿವು ಎಂಟು ವರ್ಷ ಹಾಗೇ ಉಳಿಯಿತು.

ಆ ಎಂಟು ವರ್ಷ ನಾನು ಇಂಗ್ಲೆಂಡಿನ ಸೋತ ಪಕ್ಷದ ಮೇಲೆ ಕಣ್ಣಿಟ್ಟಿದ್ದೆ. ಅದಕ್ಕಾಗಿ ವಿದೇಶದ ಸುದ್ದಿಯ ಪುಟವನ್ನು ಮಾತ್ರ ಕತ್ತರಿಸುವುದನ್ನು ಬಿಟ್ಟೆ, ಆಟದ ಪುಟದಲ್ಲಿ ಕಾಲರು ಮಾಡಿದೆ. ಆ ಬೋಳುತಲೆಯ ಹುಡುಗ 2001ರಲ್ಲಿ ಸೋತ, ಮರುದಿನವೇ ಹೋದ. ಅವನ ಜಾಗಕ್ಕೆ ಐದು ಜನ ನಿಂತು, ಮೊದಲ ಸುತ್ತಿನಲ್ಲಿ ಕೊನೆಯ ಇಬ್ಬರಿಗೆ ಒಂದೇ ಸಮ ಓಟು ಬಂದು, ಯಾರನ್ನು ಕಳಿಸುವುದು ಎಂದು ತಿಳಿಯದೆ ಮತ್ತೆ ಓಟು ಹಾಕಿದರು. ನಮ್ಮಲ್ಲಾದರೆ ಇಬ್ಬರೂ ‘ನೀವಿರ್ರಿ’, ‘ಇಲ್ಲ ನೀವಿರ್ರಿ’ ಎಂದು ಇಬ್ಬರೂ ಉಳಿಯುತ್ತಿದ್ದರು. ಗೆದ್ದು ಬಂದವನಿಗೂ ತಲೆಯಲ್ಲಿ ಕೂದಲಿರಲಿಲ್ಲ. ಅವನನ್ನು ಚುನಾವಣೆಗೆ ಮುಂಚೆಯೇ ಅವನ ಪಕ್ಷದವರೇ ಇಳಿಸಿ, ಈ ಸಲ ಕೂದಲಿದ್ದವನನ್ನು ಅವಿರೋಧವಾಗಿ ತಂದರು. ಅವನೂ 2005ರಲ್ಲಿ ಸೋತ. ನಾನು ಬಿಡುತ್ತೇನೆ, ಆದರೆ ಇನ್ನೊಬ್ಬ ಸಿಗುವವರೆಗೆ ಇರುತ್ತೇನೆ ಎಂದ. ಆ ಮಾತು ಓದಿ ನನಗೆ ಬಹಳ ಖುಷಿಯಾಯಿತು. ಇಂಗ್ಲೆಂಡಿನವರೂ ನಿಧಾನಕ್ಕೆ ‘ಬರ್ತೀನಿ’ ಅನ್ನುವುದನ್ನು ಕಲಿಯುತ್ತಿದ್ದರು.

ನಮ್ಮ ತಿಪ್ಪೇಸ್ವಾಮಿ ಮಾತ್ರ ವರ್ಷವರ್ಷ ಹೊಳಲ್ಕೆರೆಗೆ ಸೋಲುತ್ತಾ ಕುರ್ಚಿಯಲ್ಲೇ ಇದ್ದ. ಇಂಗ್ಲೆಂಡಿನಲ್ಲಿ ಒಬ್ಬೊಬ್ಬ ನಾಯಕ ಹೋದಾಗಲೂ ನಾನು ಆ ಸುದ್ದಿಯನ್ನು ಅವನಿಗೆ ಕಾಣುವ ಹಾಗೆ ಬ್ಲೌಸಿನ ಮಾದರಿ ಕತ್ತರಿಸಿ ಕಳಿಸುತ್ತಿದ್ದೆ. ಅವನು ಅದನ್ನು ಬಟ್ಟೆಯ ಮೇಲಿಟ್ಟು ಬ್ಲೌಸು ಕತ್ತರಿಸಿಕೊಂಡು, ‘ಮಾಸ್ಟ್ರ ಕೈ ಅಂದ್ರೆ ಕೈ, ಫಿಟಿಂಗ್ ಚೆನ್ನಾಗಿ ಬಂತು’ ಎಂದು ಹೇಳಿ ಕಳಿಸುತ್ತಿದ್ದ.

ಆ 2005ರ ಆಷಾಢಕ್ಕೆ ಮುಂಚೆ ತಿಪ್ಪೇಸ್ವಾಮಿ ಅಂಗಡಿಯನ್ನು ಹಿರಿಯೂರಿಗೆ ಎತ್ತಿಕೊಂಡು ಹೋಗುವುದಾಯಿತು, ಅಲ್ಲಿ ಅವನ ಮಾವನ ಮಳಿಗೆ ಇತ್ತು. ಕುರ್ಚಿ ಖಾಲಿ. ಒಂದು ಬೆಳಿಗ್ಗೆ ಅವನೂ ಬಾಷಾ ಅವರೂ ನನ್ನ ಅಂಗಡಿಗೆ ಬಂದರು.

‘ಕುಂತ್ಕಳ್ರಿ’ ಎಂದೆ.

ಬಾಷಾ ಕೂತು, ಮೊಣಕಾಲ ಮೇಲೆ ಚೀಲ ಇಟ್ಟುಕೊಂಡು, ‘ಹಿರಿಯರು ನೀವು. ಮತ್ತೆ ನೀವೇ ಅಧ್ಯಕ್ಷ ಆಗ್ಬೇಕು ಮಾಸ್ಟ್ರೇ’ ಎಂದರು.

ಎಂಟು ವರ್ಷ ಪಾಠ ಕಲಿತವನು ನಾನು. ಅವರ ಮಾತಿನ ಕೊನೆ ಅಕ್ಷರ ನೆಲಕ್ಕೆ ಬೀಳುವ ಮೊದಲೇ ‘ಆಗ್ಲಿ’ ಎಂದೆ.

ತಿಪ್ಪೇಸ್ವಾಮಿ ನನ್ನ ಇಸ್ತ್ರಿ ಪೆಟ್ಟಿಗೆಯನ್ನು ಜೀವನದಲ್ಲಿ ಮೊದಲ ಸಲ ಕಂಡವನ ಹಾಗೆ ನೋಡಿದ. ಬಾಷಾ ಚೀಲವನ್ನು ಎದೆಗೆ ಅವುಚಿಕೊಂಡರು. ಚೀಲದ ಬಾಯಿಯಿಂದ ಗುಲಾಬಿ ಬಣ್ಣದ ಕರಪತ್ರದ ಒಂದು ಅಂಚು ಹೊರಗಿತ್ತು. ಪೇಪರಿನ ಅಂಚು ಓದುವುದು ನನ್ನ ವೃತ್ತಿ. ‘ನೂತನ ಅಧ್ಯಕ್ಷರಾದ ನಾಗರಾಜ್ ಅವರಿಗೆ’ ಎಂದಿತ್ತು. ನಾಗರಾಜ ಎಂದರೆ ಕೆಇಬಿ ರಸ್ತೆಯಲ್ಲಿ ಜೀನ್ಸ್ ಹೊಲಿಯುವವನು, ಒಳ್ಳೆ ಬೌಲರು.

ಆಗ ತಿಳಿಯಿತು. ಬೇಡ ಎನ್ನುವುದಕ್ಕೆ ಹೇಗೋ ಕೇಳುವುದಕ್ಕೂ ಹಾಗೆಯೇ ಒಂದು ಉಪಚಾರ ಇದೆ. ಅವರು ಬಂದದ್ದು ‘ಬ್ಯಾಡಪ್ಪ, ಹುಡುಗರು ಮಾಡ್ಲಿ’ ಎಂಬ ನನ್ನ ಮಾತು ತಗೊಂಡು ಹೋಗಲು. ನಾನು ಮುದ್ದೆ ಸಮೇತ ಪಾತ್ರೆಯನ್ನೇ ಕಿತ್ತುಕೊಂಡಿದ್ದೆ.

ಕುರ್ಚಿ ಕೈಗೆ ಬಂದಿತ್ತು. ಸುಮ್ಮನಿದ್ದರೆ ನನ್ನದೇ. ಬಾಷಾ ನನ್ನ ಮುಖ ನೋಡುತ್ತಿದ್ದರು. ಅವರ ಹಣೆಯ ಮೇಲೆ ಬೆವರಿತ್ತು. ನಾನು ಸೀಮೆಸುಣ್ಣ ಕೆಳಗಿಟ್ಟೆ.

‘ಏನ್ ಬಾಷಾ, ನೀವು ಕೇಳಿದ್ರಿ ಅಂತ ಉಪಚಾರಕ್ಕೆ ಆಗ್ಲಿ ಅಂದೆ. ನಂಗ್ಯಾಕಪ್ಪ ಅದು. ಬ್ಯಾಡ. ನಾಗರಾಜ ಆಗ್ಲಿ’ ಎಂದೆ.

‘ಅದೆಂಗಾಗ್ತೈತೆ ಮಾಸ್ಟ್ರೇ. ಬ್ಯಾಡ ಅನ್ಬ್ಯಾಡ್ರಿ’ ಎಂದರು ಬಾಷಾ.

‘ಬ್ಯಾಡ್ರೀ.’

‘ನೀವಿಲ್ದೆ ಸಂಘ ಐತಾ?’ ಎಂದು ತಿಪ್ಪೇಸ್ವಾಮಿ ಎದ್ದೇ ನಿಂತ. ಎಂಟು ವರ್ಷ ತಡವಾಗಿ, ಆದರೆ ಒಂದಕ್ಷರ ಬಿಡದೆ.

ನಾನು ಕಿಟಕಿಯ ಕಡೆ ನೋಡಿದೆ. ಅವರಿಬ್ಬರೂ ಸೇರಿ ನನ್ನ ಎರಡು ಭುಜ ಹಿಡಿದರು. ಮೂರನೇ ಸಲ ಎರಡೂ ಕೈ ಅಡ್ಡ ಹಿಡಿದು ‘ಬ್ಯಾಡ’ ಎಂದೆ. ಅವರು ಬಹಳ ಬೇಜಾರು ಮಾಡಿಕೊಂಡವರ ಹಾಗೆ, ಬಹಳ ನಿರಾಳವಾಗಿ, ‘ಬರ್ತೀವಿ’ ಎಂದು ಹೋದರು. ಕರಪತ್ರವೊಂದು ಕೆಳಗೆ ಬಿದ್ದಿತ್ತು. ಒಳ್ಳೆ ದಪ್ಪ ಕಾಗದ. ಅದರಲ್ಲೇ ನಾಗರಾಜನ ಸನ್ಮಾನಕ್ಕೆ ನಾನು ತೊಡುವ ಅಂಗಿಯ ಜೇಬು ಕತ್ತರಿಸಿದೆ.

ಮಧ್ಯಾಹ್ನ ಊಟಕ್ಕೆ ಹೋದೆ. ಹೊಟ್ಟೆ ಮೊದಲೇ ತುಂಬಿತ್ತು. ಸರೋಜ ಎರಡನೇ ಮುದ್ದೆ ತಂದಾಗ, ನಿಜವಾಗಿಯೂ, ಮನಸಾರೆ, ‘ಬ್ಯಾಡ’ ಎಂದೆ.

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಮುದ್ದೆಯನ್ನು ತಟ್ಟೆಗೆ ಹಾಕಿಯೇಬಿಟ್ಟಳು.