ನುಸಿಗಳ ತವರುಮನೆ

ಅತ್ತಿಗೆ ಕಾಳು ಆರಿಸುತ್ತ ಕೂತಿದ್ದಾಗ ಮೈದುನ ಹಿತ್ತಲಿನಿಂದ ಬಂದು ಅಂಗೈ ಚಾಚಿದ. ಅದರಲ್ಲೊಂದು ಸತ್ತ ಜೇನುಹುಳ, ಅದರ ಬೆನ್ನ ಮೇಲೆ ಎಳ್ಳಿಗಿಂತ ಸಣ್ಣ ಕೆಂಪು ಚುಕ್ಕೆ.

"ನುಸಿ, ಅತ್ತಿಗೆ. ಹುಳದ ಮೈ ಹೀರಿಕೊಂಡೇ ಬದುಕುತ್ತೆ. ಆ ಬೇಕರಿಯವನೇ ತಂದಿದ್ದು!"

ಮೈದುನ ಬಡಗಿ. ಬಾಗಿಲು, ಕುರ್ಚಿ ಮಾಡಿ ಉಳಿದ ಹಲಗೆಯಲ್ಲಿ ಜೇನುಪೆಟ್ಟಿಗೆ ಮಾಡುತ್ತಿದ್ದ. ಗೋಡೆಯಾಚೆಯ ಬೇಕರಿಯವನು ಅವನ ಚಡ್ಡಿದೋಸ್ತ್. ಅವನಿಗೂ ಜೇನಿನ ಹುಚ್ಚು ಹಿಡಿಸಿದ್ದು ಇವನೇ. ಸಂಜೆಯಾದರೆ ಇಬ್ಬರೂ ಗೋಡೆಯ ಆಚೀಚೆ ನಿಂತು ಕಂಡವರನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ಗಂಡ ಹೋದ ಮೇಲೆ ಅತ್ತಿಗೆಯ ಕಿವಿಗೆ ಮನೆ ಮನೆಯಂತೆ ಕೇಳಿಸುತ್ತಿದ್ದುದು ಆ ನಗುವಿನಿಂದಲೇ. ಈಗ "ನೀನೇ ತಂದಿದ್ದು", "ಇಲ್ಲ, ನೀನೇ" ಎಂದು ಮಾತು ಬಿಟ್ಟರು. ಗೋಡೆಯ ಬಳಿ ಪಿಟಕ್ ಎನ್ನುವವರಿಲ್ಲ. ಅತ್ತಿಗೆಗೆ ಅನ್ನ ರುಚಿಸಲಿಲ್ಲ.

ನುಸಿ ಎಲ್ಲಿಯದೆಂದು ಲ್ಯಾಬಿನಲ್ಲಿ ಪತ್ತೆಹಚ್ಚುತ್ತಾರಂತೆ ಎಂಬ ಸುದ್ದಿ ಬಂತು. ಇಬ್ಬರೂ ತಮ್ಮ ತಮ್ಮ ಪೆಟ್ಟಿಗೆಯ ನುಸಿಗಳನ್ನು ಬೇರೆ ಬೇರೆಯಾಗಿ ಕಳಿಸಿದರು. ಅಲ್ಲಾಡದಿರಲಿ ಎಂದು ಮೈದುನ ಅವನ್ನು ರಟ್ಟಿಗೆ ಮರದ ಅಂಟು ಬಳಿದು ಅಂಟಿಸಿದ್ದ. ಕೆಡದಿರಲಿ ಎಂದು ಬೇಕರಿಯವನು ಓವನ್ನಿನಲ್ಲಿ ಹದವಾಗಿ ಸುಟ್ಟಿದ್ದ.

ಲ್ಯಾಬಿನ ಹುಡುಗಿ ತಾನೇ ಓಡಿಬಂದಳು. "ಒಬ್ರು ಟೇಬಲ್ ಮಾಡಿದೀರಿ, ಇನ್ನೊಬ್ರು ಬಿಸ್ಕತ್ತು. ನಾನು ಏನು ನೋಡ್ಲಿ?"

ಸರಿಯಾದ ಉಪಾಯವನ್ನು ಅವಳೇ ಹೇಳಿಕೊಟ್ಟಳು: ಜೀವಂತ ಹುಳಗಳನ್ನು ಜಾಡಿಗೆ ಹಾಕಿ, ಮೇಲೆ ಸಕ್ಕರೆ ಪುಡಿ ಉದುರಿಸಿ, ಬೋರಲು ಹಿಡಿದು ಅಲುಗಿಸಿದರೆ ನುಸಿಯ ಹಿಡಿತ ಜಾರಿ ಅದು ಜಾಲರಿ ಮುಚ್ಚಳದಿಂದ ಬೀಳುತ್ತದೆ. ಸಕ್ಕರೆ ಬೇಕರಿಯವನದು, ಜಾಲರಿ ಬಡಗಿಯದು. ಬೇರೆ ದಾರಿಯಿಲ್ಲದೆ ಇಬ್ಬರೂ ಮುಖ ಊದಿಸಿಕೊಂಡೇ ಒಂದು ಜಾಡಿ ಹಿಡಿದರು.

"ಇದರಲ್ಲಿ ಏನಮ್ಮ ನೋಡ್ತೀಯ?" ಅತ್ತಿಗೆ ಕೇಳಿದಳು.

"ಜೀವಕೋಶದೊಳಗೆ ಮೈಟೋಕಾಂಡ್ರಿಯ ಅಂತ ಪುಟ್ಟ ಪುಟ್ಟ ಒಲೆಗಳಿರ್ತವೆ ಅಮ್ಮಾ. ತಾಯಿಯಿಂದಲೇ ಮಕ್ಕಳಿಗೆ ಬರ್ತವೆ. ಅದನ್ನ ನೋಡಿದ್ರೆ ನುಸಿಯ ತವರು ಯಾವುದು ಅಂತ ಗೊತ್ತಾಗುತ್ತೆ."

"ಅಪ್ಪಂದು?"

"ಅಪ್ಪ ಲೆಕ್ಕಕ್ಕಿಲ್ಲ."

"ಕೇಳಿಸ್ತೇನ್ರಪ್ಪಾ ಗಂಡಸರೇ?" ಅತ್ತಿಗೆ ಗೋಡೆಯ ಎರಡೂ ಕಡೆಗೆ ಕೇಳುವಂತೆ ಕೂಗಿದಳು. ಇಬ್ಬರೂ ನಗು ನುಂಗಿಕೊಂಡರು.

ಕೆಲವು ದಿನಗಳ ಮೇಲೆ ಹುಡುಗಿ ಮತ್ತೆ ಬಂದಳು. "ಇಬ್ಬರದೂ ಒಂದೇ ತಾಯಿಯ ವಂಶ. ಆದ್ರೆ ಯಾರು ತಂದಿದ್ದು ಅಂತ ಇದರಿಂದ ಹೇಳೋಕಾಗಲ್ಲ. ಸಮುದ್ರದಾಚೆ ಹೋದ್ರೂ ಹೆಚ್ಚುಕಡಿಮೆ ಇದೇ ವಂಶ ಸಿಗುತ್ತೆ."

ಗೆಲ್ಲಲು ಕಾದಿದ್ದ ಇಬ್ಬರ ಮುಖವೂ ಇಷ್ಟು ಚಿಕ್ಕದಾಯಿತು.

"ಮುಗೀತಲ್ಲ!" ಅಂದಳು ಅತ್ತಿಗೆ. "ನಿಮ್ಮ ನುಸಿಗಳು ಅಕ್ಕತಂಗೀರು, ನೀವು ಷಡ್ಡಕರು. ಷಡ್ಡಕರು ಮಾತು ಬಿಟ್ರೆ ನೋಡಿದೋರು ಏನಂತಾರೆ?"

ಬೇಕರಿಯವನ ನಗು ತಡೆಯದೆ ಹೊರಬಂತು. "ಲೋ ಷಡ್ಡಕಾ, ಆ ಜಾಡಿ ಇತ್ತ ಕೊಡೋ!"

ಅಲ್ಲಿಂದ ವಾರ ವಾರವೂ ಜಾಡಿ ಅಲುಗಿಸುವ ಪಂದ್ಯ. ಯಾರ ಹುಳದಿಂದ ಹೆಚ್ಚು ನುಸಿ ಉದುರಿತೋ ಅವರು ಸೋತಂತೆ. ಅಂದಿನ ಟೀ ಅವರದು. ಬೇಕರಿಯವನು ಸೋತರೆ ಸಂಜೆಯವರೆಗೂ ಮುನಿಸು; ಮೈದುನನೇ ಹೋಗಿ ಕರೆತರಬೇಕು. ಹೀಗೇ ಆಡುತ್ತ ಆಡುತ್ತ ಇಬ್ಬರೂ ಮುದುಕರಾದರು.

ಮೈದುನ ಹಾಸಿಗೆ ಹಿಡಿದಾಗ ಅವನ ಜಾಡಿ ಅತ್ತಿಗೆಯ ಕೈಗೆ ಬಂತು. ಹೊರಗೆ ಬೇಕರಿಯವನು ಪಂದ್ಯಕ್ಕೆ ಬಾ ಎಂದು ಕೂಗು ಹಾಕುತ್ತಿದ್ದ. ಮೈದುನ ಅವಳನ್ನು ಹತ್ತಿರ ಕರೆದ.

"ಅತ್ತಿಗೆ, ಇದೊಂದು ನಡೆಸಿಕೊಡಿ. ಅವನದು ಹೆಚ್ಚು ಉದುರಿದ್ರೆ, ನಮ್ಮದೇ ಒಂದೆರಡು ಜಾಸ್ತಿ ಅಂದ್ಬಿಡಿ. ಸೋತ್ರೆ ಮುನಿಸ್ಕೋತಾನೆ, ಕರ್ಕೊಂಡು ಬರೋಕೆ ನಾನಿರಲ್ಲ. ಟೀ ನೀವೇ ಕೊಡಿ."