ಮಾವ ಹಂಚಿದ ಪೇಢೆ ಮತ್ತು ಆ್ಯಂಟಿ ಡಂಪಿಂಗ್ ಸುಂಕ

ಹೋದ ತಿಂಗಳು ಮಂಗಸೂಳಿಯ ನಮ್ಮ ಭೂಪಾಲ ಮಾವ ಇಡೀ ಓಣಿಗೆ ಪೇಢೆ ಹಂಚಿದ. ಮಗನ ಮದುವೆಯಲ್ಲ, ಮೊಮ್ಮಗನೂ ಹುಟ್ಟಿರಲಿಲ್ಲ. ಕೇಂದ್ರ ಸರ್ಕಾರ ಆ್ಯಂಟಿ ಡಂಪಿಂಗ್ ಸುಂಕ ಹಾಕಿತ್ತು!

ಯಾತರ ಮೇಲೆ ಎಂದು ಯಾರೂ ಕೇಳಲಿಲ್ಲ. ಬಾಯಲ್ಲಿ ಪೇಢೆ ಇದ್ದಾಗ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲ, ಅಲ್ಲವೇ?

ಮಾವ ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡುವವ. ಹೊರದೇಶದ ಒಣದ್ರಾಕ್ಷಿ ಅಗ್ಗಕ್ಕೆ ಬಂದು ಬಿದ್ದು ತನ್ನ ಮಾಲಿನ ರೇಟು ಕೆಡಿಸುತ್ತದೆ ಎಂಬುದು ಅವನ ಹಳೆಯ ಸಂಕಟ. ಹೀಗಾಗಿ ಮೊಬೈಲಿನಲ್ಲಿ 'ಅಗ್ಗದ ವಿದೇಶಿ ಮಾಲಿಗೆ ಸುಂಕದ ಬರೆ' ಎಂಬ ಹೆಡ್‌ಲೈನ್ ಕಂಡದ್ದೇ ತಡ, ಪೇಢೆ ಅಂಗಡಿಗೆ ಓಡಿದ. (ಹೆಡ್‌ಲೈನ್ ಕೆಳಗೂ ಏನೋ ಬರೆದಿರುತ್ತಾರೆ. ಓದುವವರು ಯಾರು?)

ವಾರದಲ್ಲಿ ದ್ರಾಕ್ಷಿ ಕಟಾವಿಗೆ ಬಂತು. ಕೊಯ್ದ ಹಣ್ಣನ್ನು ಕಾರ್ಬೋನೇಟ್ ಪುಡಿ, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರವಬೇಕು. ಹಾಗೆ ಮಾಡಿದರೇ ಬಂಗಾರದ ಬಣ್ಣ. ಪುಡಿ ತರಲು ಮಾವನ ಜೊತೆ ನಾನೂ ಅಥಣಿಗೆ ಹೋದೆ.

"ರೇಟ್ ಏರೇತ್ರಿ ಗೌಡ್ರ," ಎಂದ ಅಂಗಡಿಯವ. "ಹೊರಗಿನ ಪುಡಿಗೆ ಸುಂಕ ಬಿದ್ದೈತಿ. ಇಲ್ಲಿ ಫ್ಯಾಕ್ಟರಿಯವ್ರೂ ರೇಟ್ ಏರ್ಸ್ಯಾರ."

"ಪುಡಿಗೇನ? ಒಣದ್ರಾಕ್ಷಿಗಲ್ಲೇನ?"

"ಹೊರಗಿನ ಒಣದ್ರಾಕ್ಷಿ ಸುಂಕ ಇಲ್ದ ಬರಾಕತ್ತೇತಲ್ರಿ, ಹ್ವಾದ ವರ್ಷದಂಗ."

ಮಾವನ ಮುಖ ನೋಡಲಾಗಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ನಮ್ಮ ಕೆಮಿಕಲ್ ಫ್ಯಾಕ್ಟರಿಗಳೂ ಬದುಕಬೇಡವೇ? ಬದುಕಲಿ ಪಾಪ. ಅವುಗಳಿಗೆ ವಕೀಲರಿದ್ದಾರೆ, ಫೈಲುಗಳಿವೆ, ದೆಹಲಿಗೆ ವಿಮಾನವಿದೆ. ಒಣದ್ರಾಕ್ಷಿಗೆ ಇರುವುದು ಭೂಪಾಲ ಮಾವ ಮತ್ತು ಅವನ ಪೇಢೆ.

ಸಿಟ್ಟಿಗೆ ಮಾವ ಬೇಕಾದದ್ದರಲ್ಲಿ ಅರ್ಧ ಪುಡಿ ಮಾತ್ರ ತಂದ.

"ತೆಳ್ಳಗ ಕಲಸಿದ್ರ ಸಿಪ್ಪಿ ಒಡಿಯಂಗಿಲ್ಲ, ಲಗೂನ ಒಣಗಂಗಿಲ್ಲ. ಕಾಳು ಕರ್ರಗ ಅಕ್ಕಾವ ನೋಡ್ರಿ," ಎಂದಳು ಅತ್ತೆ.

"ನಿನಗೇನ್ ತಿಳಿತೈತಿ, ಸುಮ್ನಿರ," ಎಂದ ಮಾವ.

ಹದಿನೈದು ದಿನದ ಮೇಲೆ ನೋಡಿದರೆ ಬಲೆ ತುಂಬ ಕರಿ ಕಾಳು. ಅತ್ತೆ ಮೊರ ತಂದು ಆರಿಸಲು ಕುಳಿತಳು. ಇಡೀ ವರ್ಷದ ಬೆಳೆ ಅದು. ಕರಿ ಕಾಳಿಗೆ ಅರ್ಧ ರೇಟೂ ಬರುವುದಿಲ್ಲ.

ಮೊನ್ನೆ ಮಾವ ಎರಡು ಹಿಡಿ ಕಾಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಮತ್ತೆ ಅದೇ ಅಂಗಡಿಗೆ ಹೊರಟ. ಬಣ್ಣ ತಿರುಗಿಸುವ ಔಷಧ ಏನಾದರೂ ಇದೆಯೇ ಎಂದು ಕೇಳಲು. ಬಾಲದಂತೆ ನಾನು.

"ಇದಕ್ಕ ಔಷಧ ಇಲ್ರಿ ಗೌಡ್ರ," ಎಂದ ಅಂಗಡಿಯವ ಸಮಾಧಾನಕ್ಕೆಂದು ಒಂದು ಚೆಂದದ ಡಬ್ಬಿ ಮುಂದಿಟ್ಟ. "ತಗೋರಿ, ಡ್ರೈಫ್ರೂಟ್. ಸುಂಕ ಬಿತ್ತಲ್ಲ, ಪುಡಿ ಕಂಪನಿಯವ್ರು ಖುಷಿಗೆ ಡೀಲರ್‌ಗಳಿಗೆಲ್ಲ ಕಳಿಸ್ಯಾರ."

ಮಾವ ಒಂದು ಒಣದ್ರಾಕ್ಷಿ ಎತ್ತಿ ಬೆಳಕಿಗೆ ಹಿಡಿದ. ಉದ್ದ ಕಾಳು, ಬಂಗಾರದ ಬಣ್ಣ.

"ಇದು ನಮ್ಮ ಕಡೇದಲ್ಲ," ಎಂದ ಮೆಲ್ಲಗೆ.

ಡಬ್ಬಿ ತಿರುಗಿಸಿ ನೋಡಿದೆ. 'ಇಂಪೋರ್ಟೆಡ್' ಎಂದು ಹೆಮ್ಮೆಯಿಂದ ಅಚ್ಚು ಹಾಕಿಸಿದ್ದರು.

ವಿದೇಶಿ ಮಾಲಿನ ಕಾಟದಿಂದ ಪಾರಾದ ಪುಡಿ ಕಂಪನಿಯವರು, ಬಾಯಿ ಸಿಹಿ ಮಾಡಿಕೊಳ್ಳಲಿಕ್ಕಾದರೂ ಒಂದು ಹಿಡಿ ಮಂಗಸೂಳಿ ದ್ರಾಕ್ಷಿ ಕೊಳ್ಳಬಾರದಿತ್ತೇ?